ರಸ್ತೆಯಿಂದ ಹಾಸಿಗೆಗೆ ಐದು ಮೆಟ್ಟಿಲು

ಸ್ಪೇನಿನ ಗ್ರನಾಡಾ ಊರಿನ ಹೋಟೆಲುಗಳಿಗೆ ನಾನು ಬರೆದ ಪತ್ರದಲ್ಲಿ ಮೊದಲ ಪ್ರಶ್ನೆ ಇದು: ರಸ್ತೆಯಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು? ಲಿಫ್ಟ್ ಇದೆಯೇ ಎಂದು ಕೇಳಿದರೆ ಬಹಳ ಕಡೆ ಇದೆ ಎಂದೇ ಉತ್ತರ ಬರುತ್ತದೆ. ಆ ಲಿಫ್ಟಿನ ಬಾಗಿಲು ಮುಟ್ಟುವುದಕ್ಕೆ ಮೊದಲು ಹದಿನಾಲ್ಕು ಮೆಟ್ಟಿಲು ಹತ್ತಬೇಕು ಎಂಬುದು ನಾವಾಗಿ ಕೇಳದೆ ಗೊತ್ತಾಗುವುದಿಲ್ಲ.

ಅಮ್ಮನಿಗೆ 71 ವರ್ಷ. ಬಲಗಾಲಿನ ಮಂಡಿ ಸವೆದಿದೆ. ಸಮನೆಲದಲ್ಲಿ ಎಷ್ಟು ದೂರ ಬೇಕಾದರೂ ನಡೆಯುತ್ತಾಳೆ. ಹತ್ತುವುದೂ ನಿಧಾನವಾಗಿ ಆದೀತು, ಇಳಿಯುವಾಗ ಮಾತ್ರ ಮುಖ ಕಿವುಚುತ್ತಾಳೆ. ನಾನು ಮೈಸೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 1492 ಎಂದರೆ ಕೊಲಂಬಸ್ ಎಂದು ಎಷ್ಟು ವರ್ಷ ಹೇಳಿದ್ದೇನೋ ಲೆಕ್ಕವಿಲ್ಲ. ಅದೇ ವರ್ಷದ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ ಶರಣಾಯಿತು, ಏಪ್ರಿಲಿನಲ್ಲಿ ಅದರ ಪಕ್ಕದ ಸಾಂತಾ ಫೆಯಲ್ಲೇ ಕೊಲಂಬಸ್‌ಗೂ ರಾಣಿ ಇಸಬೆಲ್ಲಾಳಿಗೂ ಕರಾರಾಯಿತು. ಆ ಊರನ್ನು ಕಣ್ಣಾರೆ ನೋಡಬೇಕು ಎನ್ನುವ ಆಸೆ ಬಹಳ ಹಳೆಯದು. 2024ರ ದಸರಾ ರಜೆಯಲ್ಲಿ ಕೂಡಿಬಂತು. ಆ ವರ್ಷ ಮನೆಯಲ್ಲಿ ಗೊಂಬೆ ಕೂರಿಸಲಿಲ್ಲ. ಪಟ್ಟದ ಗೊಂಬೆಗಳನ್ನು ತಮ್ಮನ ಮನೆಗೆ ಕಳಿಸಿ ಹೊರಟೆವು.

ಮೊದಲು ಕೊಂಡದ್ದು ಗ್ರನಾಡಾದ ಗುಡ್ಡದ ಮೇಲಿನ ಹಳೆಯ ಕೋಟೆ ಅಲ್ಹಂಬ್ರಾದ ಟಿಕೆಟ್ಟು. ಇದು ನಾನು ಮಾಡಿದ ಒಳ್ಳೆಯ ಕೆಲಸ. ಅಲ್ಲಿನ ನಸ್ರಿದ್ ಅರಮನೆಗಳಿಗೆ, ಅಂದರೆ ಗ್ರನಾಡಾದ ಕೊನೆಯ ಮುಸ್ಲಿಂ ರಾಜವಂಶದ ಅರಮನೆಗಳಿಗೆ, ಇಂತಿಷ್ಟು ಗಂಟೆಗೇ ಒಳಗೆ ಬಿಡುವುದು. ಟಿಕೆಟ್ಟಿನ ಮೇಲೆ ನಮ್ಮ ಹೆಸರಿರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು, ಎಷ್ಟೋ ವಾರ ಮೊದಲೇ ಖಾಲಿಯಾಗುತ್ತದೆ. ಹೋಟೆಲು ಹಿಡಿದು ಆಮೇಲೆ ಟಿಕೆಟ್ಟು ಹುಡುಕಿ, ಕೋಟೆಯ ಹೊರಗೋಡೆ ಮಾತ್ರ ನೋಡಿ ಬಂದವರನ್ನು ಬಲ್ಲೆ. ನಮಗೆ ಅಕ್ಟೋಬರ್ 11ಕ್ಕೆ ಸಿಕ್ಕಿತು. ಅದರ ಸುತ್ತ 9ರಿಂದ 13ರವರೆಗೆ ನಾಲ್ಕು ರಾತ್ರಿ ಎಂದು ನಿಶ್ಚಯಿಸಿದೆ. ಅಕ್ಟೋಬರ್ 12 ಸ್ಪೇನಿನ ರಾಷ್ಟ್ರೀಯ ದಿನ, ಕೊಲಂಬಸ್ ಅಮೆರಿಕದ ನೆಲ ಕಂಡ ದಿನ. ಆ ವರ್ಷ ಅದು ಶನಿವಾರ ಬಿದ್ದಿತ್ತು, ಹಾಗಾಗಿ ಶುಕ್ರವಾರ, ಶನಿವಾರದ ರಾತ್ರಿಗಳ ಬಾಡಿಗೆ ಹೆಚ್ಚಿತ್ತು. ನಮ್ಮ ವಿಜಯದಶಮಿಯೂ ಅದೇ ದಿನ.

ಆಮೇಲೆ ಮನೆಯ ಹುಡುಕಾಟ. ಮನೆ ಎಂದೇ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ಅದು. ಎಲ್ಲ ಊರಲ್ಲೂ ಒಂದೇ ಥರ ಇರುವ ಬಿಳಿ ಹಾಸಿಗೆ, ಕಂದು ಪರದೆಯ ರೂಮಿಗೆ ಅಷ್ಟು ದೂರ ಹೋಗಬೇಕೆ? ಸ್ಪ್ಯಾನಿಷಿನಲ್ಲಿ ‘ಹೋಟೆಲ್ ಕೋನ್ ಎನ್ಕಾಂತೊ’ ಎನ್ನುವ ಮಾತಿದೆ. ನಮ್ಮ ಕಡೆ ಹಳೆಯವರು ಒಂದು ಮನೆಗೆ ‘ಕಳೆ ಇದೆ’ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಆದರೆ ಈ ಮಾತನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು. ಕಳೆ ನಿಜವಾಗಿ ಎಲ್ಲಿದೆ ಎಂದು ಹುಡುಕುವುದಕ್ಕೆ ನನಗೆ ಸುಮಾರು ಎರಡು ತಿಂಗಳು ಹಿಡಿಯಿತು.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅಲ್ಹಂಬ್ರಾದ ಒಳಗೇ ಇರುವ ಪರದೋರ್. ಪರದೋರ್ ಎಂದರೆ ಸ್ಪೇನಿನ ಸರ್ಕಾರವೇ ನಡೆಸುವ ಹೋಟೆಲು. ಮೊದಲನೆಯದು 1928ರಲ್ಲಿ ಗ್ರೆದೋಸ್ ಬೆಟ್ಟಗಳಲ್ಲಿ ಶುರುವಾಯಿತು, ಆಮೇಲೆ ಹಳೆಯ ಕೋಟೆ, ಮಠ, ಅರಮನೆಗಳು ಒಂದೊಂದಾಗಿ ಇದಕ್ಕೆ ಸೇರಿದವು. ಗ್ರನಾಡಾದ್ದು ಹಿಂದೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ, ಅದಕ್ಕೂ ಹಿಂದೆ ನಸ್ರಿದ್ ಅರಮನೆ. ಇಸಬೆಲ್ಲಾ, ಅವಳ ಗಂಡ ರಾಜ ಫರ್ಡಿನೆಂಡ್ ಇಬ್ಬರನ್ನೂ ಮೊದಲು ಹೂಳಿದ್ದು ಅಲ್ಲೇ. 1521ರಲ್ಲಿ ಪೇಟೆಯ ರಾಯಲ್ ಚಾಪೆಲ್‌ಗೆ ಸಾಗಿಸಿದರು. ಇತಿಹಾಸ ಕಲಿಸುವವಳಿಗೆ ಇದಕ್ಕಿಂತ ದೊಡ್ಡ ಆಸೆ ಇದ್ದೀತೆ? ಬಾಡಿಗೆ ನೋಡಿದೆ. ಅಲ್ಲಿನ ಎರಡು ರಾತ್ರಿಯ ದುಡ್ಡಿನಲ್ಲಿ ಬೇರೆ ಕಡೆ ನಾಲ್ಕೂ ರಾತ್ರಿ ಕಳೆದು ಊಟವನ್ನೂ ಮಾಡಬಹುದಿತ್ತು. ಅದೂ ಅಲ್ಲದೆ ಸಂಜೆ ಪೇಟೆಗೆ ಹೋಗಬೇಕೆಂದರೆ ಪ್ರತಿಸಲವೂ ಗುಡ್ಡ ಇಳಿದು ಹತ್ತಬೇಕು. ಅಲ್ಲಿಗೆ ಕಾಫಿಗೆ ಹೋಗೋಣ ಎಂದು ಬಿಟ್ಟೆ. ಹೋದೆವು ಕೂಡ, ಕೈತೋಟದ ಕಡೆ ಕೂತು ಕುಡಿದೆವು.

ಉಳಿದದ್ದು ಅಲ್ಬೈಸಿನ್. ಅಲ್ಹಂಬ್ರಾಕ್ಕೆ ಎದುರಿನ ಗುಡ್ಡದ ಮೇಲಿರುವ ಹಳೆಯ ಮುಸ್ಲಿಂ ಕೇರಿ ಇದು. ಅಲ್ಹಂಬ್ರಾ 1984ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಅಲ್ಬೈಸಿನ್ 1994ರಲ್ಲಿ. ಬೆಳ್ಳಗೆ ಸುಣ್ಣ ಬಳಿದ ಗೋಡೆಗಳು, ಗೋಡೆಯಾಚೆ ತೋಟವಿರುವ ಮನೆಗಳು. ಆ ಮನೆಗಳನ್ನು ಕಾರ್ಮೆನ್ ಎನ್ನುತ್ತಾರೆ, ದ್ರಾಕ್ಷಿತೋಟ ಎನ್ನುವ ಅರಬ್ಬಿ ಮಾತಿನಿಂದ ಬಂದದ್ದು. ಫೋಟೋಗಳಲ್ಲಿ ಎಲ್ಲ ಓಣಿಗಳೂ ಸಮನೆಲದಂತೆ ಕಾಣುತ್ತವೆ. ಎತ್ತರದ ಗೆರೆಗಳಿರುವ ನಕ್ಷೆ ತೆರೆದ ಮೇಲೆ ನಿಜ ಗೊತ್ತಾಯಿತು. ಮೇಲೆ ಸಾನ್ ನಿಕೊಲಾಸ್ ಚೌಕದ ಆಸುಪಾಸಿನಲ್ಲಿ ಎಲ್ಲಿ ಉಳಿದರೂ ಮೆಟ್ಟಿಲು, ಇಳಿಜಾರು, ಉರುಟು ಕಲ್ಲು. ಕೆಳಗೆ ದಾರೋ ಹೊಳೆಯ ಪಕ್ಕದಲ್ಲೇ ಹೋಗುವ ಕಾರೆರಾ ದೆಲ್ ದಾರೋ ರಸ್ತೆಯ ಹತ್ತಿರ ಮಾತ್ರ ಗೆರೆಗಳು ದೂರದೂರ ಇದ್ದವು. ಹೊಳೆ ಹರಿಯುವ ಕಡೆ ನೆಲ ಮಟ್ಟಸ ಇರಲೇಬೇಕಲ್ಲ! ಆ ರಸ್ತೆಗೆ ಟ್ಯಾಕ್ಸಿಯೂ ಬರುತ್ತದೆ, ಸಣ್ಣ ಕೆಂಪು ಬಸ್ಸೂ ಬರುತ್ತದೆ, ಪ್ಲಾಸಾ ನುಯೆವಾ ಚೌಕ ಹತ್ತಿರ. ಹುಡುಕುವ ಜಾಗ ಹೀಗೆ ಒಂದು ರಸ್ತೆಗೆ, ಅದರ ಮೊದಲ ಓಣಿಗಳಿಗೆ ಇಳಿಯಿತು.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಅರ್ಜಿಗೆ ಉಳಿಯುವ ಜಾಗದ ಕಾಗದ ಬೇಕು. ಬಿಟ್ಟರೂ ದುಡ್ಡು ವಾಪಸು ಬರುವಂಥದ್ದನ್ನು ಹಿಡಿದಿಟ್ಟುಕೊಳ್ಳುವುದು ಎಲ್ಲರ ರೂಢಿ. ನಾನು ಹಾಗೆ ಹಿಡಿದ ಮೊದಲ ಹೋಟೆಲಿನ ಹೆಸರು ಹೇಳುವುದಿಲ್ಲ. ಫೋಟೋದಲ್ಲಿ ಕಾರಂಜಿ, ಕಮಾನು, ಹಳೆಯ ಮರದ ಮುಚ್ಚಿಗೆ. ನೋಡಿ ಮನಸ್ಸು ತುಂಬಿತ್ತು. ಮೆಟ್ಟಿಲಿನ ಪತ್ರ ಬರೆದಾಗ ಬಂದ ಉತ್ತರದಲ್ಲಿ ಮೊದಲು ಹೇಳಿದ ಹದಿನಾಲ್ಕು ಮೆಟ್ಟಿಲು, ಜೊತೆಗೆ ಇನ್ನೊಂದು ಸಂಗತಿ: ನಮಗೆ ಕೊಟ್ಟ ರೂಮು ಆ ಮನೆಯಲ್ಲಿ ಇರಲೇ ಇಲ್ಲ. ರಸ್ತೆಯಾಚೆಯ ಇನ್ನೊಂದು ಕಟ್ಟಡದಲ್ಲಿತ್ತು. ಕಾರಂಜಿಯ ಹತ್ತಿರ ಬೆಳಗಿನ ತಿಂಡಿಗೆ ಬಂದು ಹೋಗಬಹುದು, ಅಷ್ಟೇ. ನನಗೆ ತುಂಬಾ ಬೇಜಾರಾಯಿತು. ಅಮ್ಮನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಾಗ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ? ರೂಮಿನ ವಿವರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿದ್ದರು, ನಿಜ. ಅಷ್ಟು ಮುಖ್ಯವಾದದ್ದನ್ನು ಅಷ್ಟು ಸಣ್ಣಗೆ ಬರೆಯುವುದು ನ್ಯಾಯವಲ್ಲ. ಗಡುವು ಮುಗಿಯುವ ಮೊದಲೇ ಬಿಟ್ಟೆ. ಗಡುವು ಸ್ಪೇನಿನ ಗಡಿಯಾರದ ಪ್ರಕಾರ ಇರುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಇದಾದ ಮೇಲೆ ನಾನು ಫೋಟೋ ನೋಡುವುದನ್ನು ಬಿಟ್ಟು ಆ ಮನೆಗಳನ್ನು ಯಾಕೆ ಹಾಗೆ ಕಟ್ಟಿದರು ಎಂದು ಓದಲು ಕೂತೆ. ಇಡೀ ಹುಡುಕಾಟದಲ್ಲಿ ನನಗೆ ನಿಜವಾಗಿ ದಾರಿ ತೋರಿಸಿದ್ದು ಇದೇ. ಅಲ್ಬೈಸಿನ್‌ನ ಹಳೆಯ ಮನೆ ಬೀದಿಗೆ ಬೆನ್ನು ಹಾಕಿ ಕೂತಿರುತ್ತದೆ. ಹೊರಗೋಡೆಯಲ್ಲಿ ಕಿಟಕಿ ಇಲ್ಲ, ಇದ್ದರೂ ಸಣ್ಣದು. ಬಾಗಿಲು ದಾಟಿದರೆ ಒಂದು ಸಣ್ಣ ಮೊಗಸಾಲೆ, ಅದಕ್ಕೆ ಸಗುವಾನ್ ಎಂದು ಹೆಸರು. ಅದು ಒಂದು ಮಗ್ಗುಲಿಗೆ ತಿರುಗುತ್ತದೆ, ಬೀದಿಯಲ್ಲಿ ನಿಂತವರಿಗೆ ಒಳಗಿನದು ಕಾಣಬಾರದು ಎಂದು. ತಿರುಗಿದರೆ ಆಕಾಶಕ್ಕೆ ತೆರೆದ ಅಂಗಳ, ನಡುವೆ ನೀರಿನ ಕೊಳ. ಮನೆಯ ಮುಖ್ಯ ಕೋಣೆಗಳೆಲ್ಲ ಈ ಅಂಗಳಕ್ಕೇ ಬಾಗಿಲು ತೆರೆದಿರುತ್ತವೆ. ಮೇಲೆ ಮರದ ಕಟಾಂಜನದ ಓಡಾಟ. 1492ರ ನಂತರ ಕ್ರೈಸ್ತರಾಗಬೇಕಾಗಿ ಬಂದ ಮುಸ್ಲಿಮರನ್ನು ಮೊರಿಸ್ಕೊ ಎನ್ನುತ್ತಿದ್ದರು. ಅವರೂ ಹದಿನಾರನೆಯ ಶತಮಾನದಲ್ಲಿ ಇದೇ ನಕ್ಷೆಯಲ್ಲಿ ಮನೆ ಕಟ್ಟಿಕೊಂಡರು. 1568ರಲ್ಲಿ ದಂಗೆ ಎದ್ದ ಮೇಲೆ ಅವರನ್ನು ಗ್ರನಾಡಾದಿಂದಲೇ ಎಬ್ಬಿಸಿದರು. ಮನೆಗಳು ಉಳಿದವು. ಅವುಗಳಲ್ಲಿ ಕೆಲವು ಈಗ ಹೋಟೆಲು.

ಹಾಗಾದರೆ ಆ ಮನೆಯ ಕಳೆ ಇರುವುದು ಅಂಗಳದಲ್ಲಿ. ಅಲ್ಹಂಬ್ರಾ ಕಾಣುವ ಕಿಟಕಿಯ ರೂಮುಗಳಿಗೆ ಎಲ್ಲ ಕಡೆಯೂ ಹೆಚ್ಚು ಬಾಡಿಗೆ. ಅವು ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋಗುವಂಥವು. ಕೆಳಗಿನ ರೂಮುಗಳ ಮುಂದೆ ‘ಇಂತೆರಿಯೋರ್’ ಎಂದು ಬರೆದು ಕಡಿಮೆ ಬಾಡಿಗೆ ಹಾಕಿರುತ್ತಾರೆ. ಇಲ್ಲಿ ಹುಷಾರಾಗಿರಬೇಕು. ಸ್ಪೇನಿನಲ್ಲಿ ಈ ಮಾತಿಗೆ ಕಿಟಕಿ ಬೀದಿ ಕಡೆಗಿಲ್ಲ ಎಂದಷ್ಟೇ ಅರ್ಥ. ಅದು ಚೆಂದದ ಅಂಗಳಕ್ಕೂ ತೆರೆದಿರಬಹುದು, ಬಟ್ಟೆ ಒಣಹಾಕುವ ಬಾವಿಯಂಥ ಗಾಳಿಗಂಡಿಗೂ ತೆರೆದಿರಬಹುದು. ಕೇಳಲೇಬೇಕು.

ನಾಲ್ಕು ಹೋಟೆಲಿಗೆ ಬರೆದೆ. ಇಂಗ್ಲಿಷಿನಲ್ಲಿ ಬರೆದು, ಅದರ ಕೆಳಗೆ ಯಂತ್ರ ಮಾಡಿಕೊಟ್ಟ ಸ್ಪ್ಯಾನಿಷ್ ಅನುವಾದವನ್ನೂ ಹಾಕಿದೆ. ಮೆಟ್ಟಿಲೆಷ್ಟು, ಕಿಟಕಿ ಎಲ್ಲಿಗೆ ತೆರೆಯುತ್ತದೆ, ರೂಮು ಹಳೆಯ ಮನೆಯಲ್ಲೇ ಇದೆಯೇ, ಟ್ಯಾಕ್ಸಿ ಇಳಿದ ಮೇಲೆ ಎಷ್ಟು ನಡೆಯಬೇಕು, ಚರ್ಚಿನ ಗಂಟೆ ರಾತ್ರಿ ಹೊಡೆಯುತ್ತದೆಯೇ, ಎರಡು ಬೇರೆ ಬೇರೆ ಮಂಚ ಇದೆಯೇ, ಮಾಂಸ ಮೀನು ತಿನ್ನದವರಿಗೆ ಬೆಳಗ್ಗೆ ಏನು ಸಿಗುತ್ತದೆ. ಒಂದು ಕಡೆಯಿಂದ ಉತ್ತರವೇ ಬರಲಿಲ್ಲ. ಎರಡು ಕಡೆಯವರು ‘ನಿಮ್ಮನ್ನು ಸ್ವಾಗತಿಸಲು ಸಂತೋಷ’ ಎಂದು ಬರೆದು ಪ್ರಶ್ನೆಗಳನ್ನು ಅಲ್ಲೇ ಬಿಟ್ಟರು. ನಾಲ್ಕನೆಯ ಮನೆಯಿಂದ ಮೂರನೆಯ ದಿನ ಉದ್ದದ ಪತ್ರ ಬಂತು. ಒಂದೊಂದು ಪ್ರಶ್ನೆಗೂ ಒಂದೊಂದು ಸಾಲು. ಬಾಗಿಲಲ್ಲಿ ಎರಡು ಮೆಟ್ಟಿಲು, ಅಂಗಳದಿಂದ ರೂಮಿಗೆ ಮೂರು, ಒಟ್ಟು ಐದು. ಟ್ಯಾಕ್ಸಿಯಿಂದ ಅರವತ್ತು ಹೆಜ್ಜೆ, ಕಲ್ಲುಹಾಸು. ಕಿಟಕಿ ಅಂಗಳಕ್ಕೆ. ಅಂಗಳದ ನೀರು ರಾತ್ರಿ ಹನ್ನೊಂದಕ್ಕೆ ನಿಲ್ಲಿಸುತ್ತೇವೆ. ಕೊನೆಗೆ ಅವರಾಗಿಯೇ ಇನ್ನೊಂದು ಸೇರಿಸಿದ್ದರು: ‘ಈ ರೂಮಿನಲ್ಲಿ ಹಗಲೂ ದೀಪ ಬೇಕಾಗುತ್ತದೆ, ದಯವಿಟ್ಟು ಯೋಚಿಸಿ.’

ಆ ಸಾಲು ಓದಿಯೇ ನಾನು ತೀರ್ಮಾನ ಮಾಡಿದ್ದು. ಕೇಳದೇ ಕೊರತೆಯನ್ನು ಹೇಳುವವರು ಉಳಿದದ್ದನ್ನೂ ನಿಜವೇ ಹೇಳಿರುತ್ತಾರೆ. ರಾತ್ರಿಗೆ 118 ಯೂರೋ, ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 11 ಸಾವಿರ ರೂಪಾಯಿ. ಅದೇ ಮನೆಯ ಮೇಲಿನ, ಅಲ್ಹಂಬ್ರಾ ಕಾಣುವ ರೂಮು 185.

ತಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ, “ಅಕ್ಕ, ಅಷ್ಟು ದೂರ ಹೋಗಿ ಅಲ್ಹಂಬ್ರಾ ಕಾಣದ ಕತ್ತಲೆ ಕೋಣೇಲಿ ಮಲಗ್ತೀರಾ? ಉಳಿದ ದುಡ್ಡು ನಾನು ಹಾಕ್ತೀನಿ” ಅಂದ. ಅವನ ಪ್ರೀತಿ ದೊಡ್ಡದು. ನಾನು ಹೇಳಿದೆ, “ಅಲ್ಹಂಬ್ರಾ ನೋಡೋಕೆ ಒಂದು ಇಡೀ ದಿನ ಇದೆ ಕಣೋ. ಅಮ್ಮ ದಿನಕ್ಕೆ ನಾಲ್ಕು ಸಲ ಮೂರು ಮಹಡಿ ಇಳಿಯೋದು ಬೇಡ.”

ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಬಂದೆವು. 2019ರಿಂದ ಈ ದಾರಿಯಲ್ಲಿ ಅತಿವೇಗದ ರೈಲು ಓಡುತ್ತಿದೆ, ಸುಮಾರು ಮೂರೂವರೆ ಗಂಟೆಯಲ್ಲಿ ಗ್ರನಾಡಾ. ಟ್ಯಾಕ್ಸಿಯವನು ಹೊಳೆಯ ಪಕ್ಕ ಇಳಿಸಿ ಓಣಿಯ ಕಡೆ ಕೈ ತೋರಿಸಿದ. ಅರವತ್ತೇ ಹೆಜ್ಜೆ, ಆದರೆ ಆ ಕಲ್ಲುಹಾಸಿನ ಬಗ್ಗೆ ಹೇಳಲೇಬೇಕು. ಅವು ಚಪ್ಪಡಿಗಳಲ್ಲ. ಕೋಳಿಮೊಟ್ಟೆಗಿಂತ ಸಣ್ಣ ಹೊಳೆಗಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ಒತ್ತೊತ್ತಾಗಿ ಹುಗಿದಿದ್ದಾರೆ, ಬಿಳಿಯವೂ ಕಪ್ಪಿನವೂ ಸೇರಿ ಬಳ್ಳಿ, ಹೂವು. ನೋಡಲು ರಂಗೋಲಿ, ಚಕ್ರದ ಸೂಟ್‌ಕೇಸಿಗೆ ಶತ್ರು. ಎತ್ತಿಕೊಂಡೇ ಹೋದೆ. ಅಮ್ಮ ಸಾವಕಾಶವಾಗಿ ಬಂದಳು, ಒಂದು ಕಡೆ ನಿಂತು ಚಪ್ಪಲಿಯ ತುದಿಯಿಂದ ತೋರಿಸಿ, “ನೋಡೇ, ದಾಳಿಂಬೆ” ಎಂದಳು. ನಿಜವೇ. ಕಪ್ಪು ಕಲ್ಲಿನಲ್ಲಿ ಬಿಡಿಸಿದ ದಾಳಿಂಬೆ, ತಲೆಯ ಮೇಲೆ ಕಿರೀಟವೂ ಇತ್ತು. ಸ್ಪ್ಯಾನಿಷಿನಲ್ಲಿ ದಾಳಿಂಬೆಗೆ ಗ್ರನಾಡಾ ಎಂದೇ ಹೆಸರು. ಊರಿನ ಗುರುತೂ ಅದೇ.

ಬಾಗಿಲು ದಪ್ಪ ಮರದ್ದು, ಮೈತುಂಬ ಕಬ್ಬಿಣದ ಗುಬ್ಬಿ. ಒಳಗೆ ಕತ್ತಲು, ಒಂದು ತಿರುವು, ಆಮೇಲೆ ಒಮ್ಮೆಲೇ ಬೆಳಕು. ಅಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡಿದಳು. ಚೌಕಾಕಾರದ ಆಕಾಶ. ಸುತ್ತ ಮರದ ಕಂಬ, ಕಂಬದ ತಲೆಯಲ್ಲಿ ಕೆತ್ತಿದ ಬೋದಿಗೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಇದು ನಮ್ಮಜ್ಜಿ ಮನೆ ಇದ್ದಂಗಿದೆಯಲ್ಲೇ” ಎಂದಳು. ಅಮ್ಮ ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆಯಲ್ಲಿ. ಆ ಮನೆ ಈಗ ಇಲ್ಲ, ಪಾಲಾದ ಮೇಲೆ ಕೆಡವಿದರು. ಎರಡಕ್ಕೂ ಯಾವ ಸಂಬಂಧವೂ ಇಲ್ಲ ಎಂದು ನನಗೆ ಗೊತ್ತು. ಅಲ್ಲಿನದು ಬಿಸಿಲು ತಡೆಯಲು, ಮರೆ ಕಾಯಲು ಕಟ್ಟಿದ್ದು. ನಮ್ಮದರಲ್ಲಿ ಮಳೆ ನೇರ ಒಳಗೇ ಸುರಿಯುತ್ತಿತ್ತು, ಅಡಿಕೆ ಒಣಗುತ್ತಿತ್ತು. ಆದರೂ ಅಮ್ಮ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕೂತದ್ದು ಸ್ವಂತ ಮನೆಯಲ್ಲಿ ಕೂತ ಹಾಗೇ ಇತ್ತು.

ಕತ್ತಲೆ ನಿಜವೇ. ಬೆಳಗ್ಗೆ ಹತ್ತಕ್ಕೂ ದೀಪ ಹಾಕಿ ಬಟ್ಟೆ ಹುಡುಕಿದೆವು. ಎರಡನೆಯ ದಿನ ಸುಣ್ಣದ ಗೋಡೆಯಿಂದ ಮುಗ್ಗಲು ವಾಸನೆ ಬಂತು. ಹೇಳಿದ ತಕ್ಷಣ ಒಂದು ಹೀಟರು ತಂದಿಟ್ಟರು. ಏಳೂವರೆಗೆ ಅಂಗಳದಲ್ಲಿ ತಟ್ಟೆಗಳ ಸದ್ದು, ಮತ್ತೆ ನಿದ್ದೆ ಇಲ್ಲ. ಲಘುನಿದ್ದೆಯವರಿಗೆ ಈ ರೂಮನ್ನು ನಾನು ಹೇಳುವುದಿಲ್ಲ. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇರಲಿಲ್ಲ, ಸ್ಪೇನಿನಲ್ಲಿ ಬಹಳ ಕಡೆ ಇರುವುದಿಲ್ಲ. ಕಾಫಿ ಡಿಕಾಕ್ಷನ್ ಇಲ್ಲದೆ ಆಗದವರು ಕೈಯಲ್ಲೇ ಒಯ್ಯಬೇಕು. ತಿಂಡಿಗೆ ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮ್ಯಾಟೊ, ಆಲಿವ್ ಎಣ್ಣೆ, ಉಪ್ಪು. ಅಮ್ಮ ಅದಕ್ಕೆ ಚಟ್ನಿಪುಡಿ ಉದುರಿಸಿಕೊಂಡು ನಾಲ್ಕೂ ದಿನ ಅದನ್ನೇ ಇಷ್ಟಪಟ್ಟು ತಿಂದಳು. ಹೊರಗೆ ಮಾತ್ರ ಪ್ರತಿಸಲವೂ ಹೇಳಬೇಕು. ಅಲ್ಲಿ ಪಾನೀಯ ತೆಗೆದುಕೊಂಡರೆ ಬಾಯಾಡಿಸಲು ಒಂದು ಸಣ್ಣ ತಟ್ಟೆ ಪುಕ್ಕಟೆ ಬರುತ್ತದೆ, ಅದರಲ್ಲಿ ಹಂದಿಮಾಂಸ ಇರುವುದೇ ಹೆಚ್ಚು. ಮಾಂಸ ಬೇಡ ಎಂದರೆ ಮೀನು ಹಾಕಿ ಕೊಡುತ್ತಾರೆ. ಎರಡೂ ಬೇಡ ಎಂದು ಬಿಡಿಸಿ ಹೇಳಿದ ಮೇಲೆ ಬಂದದ್ದು ಹುರಿದ ಬದನೆಕಾಯಿ, ಮೇಲೆ ಕಬ್ಬಿನ ಕಾಕಂಬಿ. ಬದನೆಕಾಯಿಗೆ ಸಿಹಿ ಒಗ್ಗುತ್ತದೆ ಎಂದು ಅಲ್ಲಿವರೆಗೆ ನನಗೆ ಗೊತ್ತಿರಲಿಲ್ಲ.

ನಮ್ಮ ಓಣಿಗೆ ಹತ್ತಿರದಲ್ಲೇ ಕಾಸಾ ದೆ ಸಾಫ್ರಾ ಎಂಬ ಹದಿನಾಲ್ಕನೆಯ ಶತಮಾನದ ಮನೆಯಿದೆ. ನಸ್ರಿದ್ ಕಾಲದ್ದು, ಮುಂದೆ ಸನ್ಯಾಸಿನಿಯರ ಮಠದೊಳಗೆ ಸೇರಿಹೋಯಿತು, ಅದರಿಂದಲೇ ಉಳಿಯಿತು. ಈಗ ಯಾರು ಬೇಕಾದರೂ ನೋಡಬಹುದು. ಹಳೆಯ ಮನೆಯ ಹೋಟೆಲಿನಲ್ಲಿ ಉಳಿಯುವವರು ಮೊದಲ ದಿನವೇ ಅಲ್ಲಿಗೆ ಹೋಗಲಿ ಎನ್ನುತ್ತೇನೆ. ತಮ್ಮ ರೂಮು ಮೊದಲು ಏನಾಗಿತ್ತು ಎಂದು ತಾನಾಗಿ ತಿಳಿಯುತ್ತದೆ. ನಾವು ಮಲಗಿದ್ದ ಕೋಣೆಯ ಎರಡು ತುದಿಯಲ್ಲಿ ಗೂಡಿನಂಥ ಮರೆಗಳಿದ್ದವು, ಒಂದರಲ್ಲಿ ಬೀರು ಇಟ್ಟಿದ್ದರು. ಅವು ಆ ಕಾಲದಲ್ಲಿ ಹಾಸಿಗೆ ಹಾಸುವ ಜಾಗ.

ಪೇಟೆಯ ಕಡೆ ಕೊರಾಲ್ ದೆಲ್ ಕಾರ್ಬೊನ್ ಇದೆ, ಅದೂ ಹದಿನಾಲ್ಕನೆಯ ಶತಮಾನದ್ದು. ವ್ಯಾಪಾರಿಗಳು ಸರಕು ಇಳಿಸಿ ರಾತ್ರಿ ತಂಗುತ್ತಿದ್ದ ಛತ್ರ. ನಡುವೆ ಅಂಗಳ, ನೀರು, ಸುತ್ತ ಮೂರು ಅಂತಸ್ತು. ಕೆಳಗೆ ಸರಕು, ಮೇಲೆ ಜನ. ಆಮೇಲೆ ಇದ್ದಿಲು ಮಾರುವವರ ಜಾಗವಾಯಿತು, ನಾಟಕವನ್ನೂ ಆಡಿದರು. ಎತ್ತರದ ಹೆಬ್ಬಾಗಿಲಿನ ಕೆಳಗೆ ನಿಂತು, ಆರುನೂರಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಇಲ್ಲಿ ಬಂದು ಜಾಗ ಇದೆಯೇ ಎಂದು ಕೇಳಿದ್ದನ್ನು ನೆನೆದೆ. ಮೈ ಝುಂ ಎಂದಿತು.

ಅಲ್ಹಂಬ್ರಾ ನೋಡಿದ ದಿನದ ಬಗ್ಗೆ ಬೇರೆಯೇ ಬರೆಯಬೇಕು. ಎದುರು ಗುಡ್ಡದಿಂದ ಕಾಣುವ ನೋಟಕ್ಕೆ ಮರುಸಂಜೆ ಕೆಂಪು ಬಸ್ಸಿನಲ್ಲಿ ಸಾನ್ ನಿಕೊಲಾಸ್‌ಗೆ ಹೋದೆವು. ಸೂರ್ಯ ಇಳಿಯುವ ಹೊತ್ತಿಗೆ ಕೋಟೆಯ ಗೋಡೆ ನಿಜವಾಗಿ ಕೆಂಪಾಯಿತು. ಹೆಸರಿನ ಅರ್ಥವೇ ಕೆಂಪು. ಕಿಟಕಿಯಿಂದ ನೋಡುವುದಕ್ಕಿಂತ ಅಷ್ಟು ಜನರ ನಡುವೆ ನಿಂತು ನೋಡಿದ್ದೇ ನನಗೆ ಹಿತವಾಯಿತು.

ಅದೇ 12ರ ಮಧ್ಯಾಹ್ನ ಅಂಗಳದಲ್ಲಿ ಕೂತು ಫೋನಿನಲ್ಲಿ ಜಂಬೂಸವಾರಿ ನೋಡಿದ್ದೆವು. ಅಲ್ಲಿಗೂ ಮೈಸೂರಿಗೂ ಆಗ ಮೂರೂವರೆ ಗಂಟೆ ಅಂತರ. ಹೋಟೆಲಿನ ಹೆಣ್ಣುಮಗಳು ಬಂದು ಬಗ್ಗಿ ನೋಡಿದಳು. ಚಿನ್ನದ ಅಂಬಾರಿಯೊಳಗೆ ಯಾರು ಎಂದು ಕೇಳಿದಳು. ಅಮ್ಮ ನನ್ನನ್ನು ತಡೆದು ಕನ್ನಡದಲ್ಲೇ, “ತಾಯಿ, ಚಾಮುಂಡೇಶ್ವರಿ” ಎಂದು ಕೈ ಮುಗಿದು ತೋರಿಸಿದಳು. ಅವಳಿಗೆ ಅರ್ಥವಾಯಿತು.

ಪತ್ರ ಬರೆದಿದ್ದವಳೂ ಅವಳೇ. ಹೊರಡುವ ಬೆಳಗ್ಗೆ ಬಿಲ್ಲು ಕೊಡುವಾಗ, ತಾನು ಬರೆದ ಮೆಟ್ಟಿಲಿನ ಲೆಕ್ಕ ಸರಿಯಿತ್ತೇ ಎಂದು ಕೇಳಿದಳು. ನಾನು ಬಂದ ದಿನವೇ ಎಣಿಸಿದ್ದೆ. ಬೀದಿಬಾಗಿಲಿನ ಮರದ ಹೊಸ್ತಿಲು ಗೇಣುದ್ದ ಎತ್ತರ ಇತ್ತು, ಅದನ್ನೂ ಸೇರಿಸಿದರೆ ಆರಾಗುತ್ತದೆ. ಅಮ್ಮನಿಗೆ ಹೇಳಿದೆ.

“ಹೊಸ್ತಿಲನ್ನ ಯಾರಾದರೂ ಮೆಟ್ಟಿಲು ಅಂತಾರೇನೇ? ಅದನ್ನ ಮೆಟ್ಟಬಾರದು, ದಾಟಬೇಕು. ಐದೇ ಅಂತ ಹೇಳು” ಎಂದು ಅಮ್ಮ ನನ್ನ ಭುಜ ಹಿಡಿದು, ಬಲಗಾಲು ಎತ್ತಿ, ಹೊಸ್ತಿಲು ದಾಟಿದಳು.